ಇಂದುಮತಿಯ ಹಂಡೆ

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ಊಟವಾಯಿತೇ ಎಂದು ಕೇಳುವ ರೂಢಿ ಇಲ್ಲ. "ಸುಳಿ ಹೆಂಗೈತ್ರಿ?" ಎನ್ನುತ್ತೇವೆ. "ಆರಾಮ ಐತ್ರಿ, ಎರಡೂ ಕೋಡು ಸಮ" ಎಂದರೆ ಆ ಮನೆಯಲ್ಲಿ ಎಲ್ಲರೂ ಉಂಡು ತಿಂದು ಸುಖವಾಗಿದ್ದಾರೆ ಎಂದು ತಿಳಿದುಕೊಳ್ಳಬೇಕು. "ಎಡಗೋಡು ಯಾಕೋ ಕುಗ್ಗೈತ್ರಿ" ಎಂದರೆ ಅಲ್ಲೇ ನಿಂತು ಎರಡು ಸಮಾಧಾನದ ಮಾತಾಡಿ ಮುಂದೆ ಹೋಗಬೇಕು. ಇಷ್ಟು ತಿಳಿಯದವಳು ನಮ್ಮೂರಿಗೆ ಸೊಸೆಯಾಗಿ ಬಂದರೆ ಮೊದಲ ವಾರದಲ್ಲೇ ಸೊಕ್ಕಿನವಳು ಅನ್ನಿಸಿಕೊಳ್ಳುತ್ತಾಳೆ. ನಾನೂ ಅನ್ನಿಸಿಕೊಂಡಿದ್ದೆ. ಆಮೇಲೆ ನಿಜವಾಗಿಯೂ ಸೊಕ್ಕು ಬಂತು, ಅದು ಬೇರೆ ಮಾತು.

ಇಲ್ಲಿ ಪ್ರತಿ ಮನೆಯ ಮಾಳಿಗೆಯ ಮೇಲೂ ಬಾಯಿ ಮೇಲೆ ಮಾಡಿ ಕೂರಿಸಿದ ತಾಮ್ರದ ಹಂಡೆ ಇರುತ್ತದೆ. ಅದರ ಕಂಠಕ್ಕೆ ಕಟ್ಟಿದ ತಂತಿ ಗೋಡೆಗುಂಟ ಇಳಿದು ಪಡಸಾಲೆಯ ಹಲಗೆಗೆ ಬರುತ್ತದೆ. ಹಲಗೆಯ ಮೇಲೆ ಸಣ್ಣ ರವೆಯನ್ನು ತೆಳ್ಳಗೆ ಹರವಿರುತ್ತೇವೆ. ಒಂದೊಂದು ಮನೆಯ ಹಂಡೆಗೆ ಒಂದೊಂದು ಸುಳಿ. ಆ ಮನೆಯ ಸುಳಿ ನೆತ್ತಿಯ ಮೇಲೆ ಬಂದಾಗ ಹಂಡೆ ಗುನುಗುತ್ತದೆ, ರವೆ ಎದ್ದು ಎರಡು ಕೋಡುಗಳಾಗಿ ನಿಲ್ಲುತ್ತದೆ. ಸುಳಿ ಬುಗುರಿಯ ಹಾಗೆ ತಿರುಗುತ್ತದಲ್ಲ, ನಮ್ಮ ಕಡೆ ಬರುವ ಮಗ್ಗುಲಿಗೆ ಒಂದು ಕೋಡು, ಆ ಕಡೆ ಹೋಗುವ ಮಗ್ಗುಲಿಗೆ ಇನ್ನೊಂದು. ಓದಿದವರು ಸುಳಿಯನ್ನು ಗ್ಯಾಲಕ್ಸಿ ಎನ್ನುತ್ತಾರೆ, ಗುನುಗುವುದು ಅದರೊಳಗಿನ ಜಲಜನಕ ಎನ್ನುತ್ತಾರೆ. ನಾವು ಅದಕ್ಕೆ ಹಿಟ್ಟು ಎನ್ನುತ್ತೇವೆ, ಯಾಕೆಂದರೆ ನಕ್ಷತ್ರಗಳೆಲ್ಲ ಅದೇ ಹಿಟ್ಟಿನಿಂದ ಬಡಿದ ರೊಟ್ಟಿಗಳು. ಕೋಡು ಎತ್ತರವಾಗಿದ್ದರೆ ಬುಟ್ಟಿಯಲ್ಲಿ ಇನ್ನೂ ಹಿಟ್ಟಿದೆ, ಸುಳಿ ರೊಟ್ಟಿ ಬಡಿಯುತ್ತಲೇ ಇದೆ ಎಂದು ಲೆಕ್ಕ. ಕೋಡು ಕುಗ್ಗಿದ್ದರೆ ಹಿಟ್ಟು ತೀರಿ, ಹಳೆಯ ರೊಟ್ಟಿಯನ್ನೇ ಮುಂದಿಟ್ಟುಕೊಂಡು ಕೂತಿದೆ ಎಂದು ಲೆಕ್ಕ. ಆ ಗುನುಗು ಅಲ್ಲಿಂದ ಹೊರಟಾಗ ನಮ್ಮೂರಿನ ಒಂದು ಕಲ್ಲು ಕೂಡ ಇರಲಿಲ್ಲವಂತೆ. ಇರಲಿ, ನಮ್ಮ ಬೀಗರಿಗೆ ಹೇಳಿ ಕಳಿಸಿದ ಮಾತಿಗೆ ಉತ್ತರ ಬರುವುದೂ ಹಾಗೆಯೇ.

ಸುಳಿ ದಿನವೂ ಹಿಂದಿನ ದಿನಕ್ಕಿಂತ ಒಂದಿಷ್ಟು ಮೊದಲು ಬರುತ್ತದೆ. ಚಳಿಗಾಲದಲ್ಲಿ ಸಂಜೆಯ ಚಹಾಕ್ಕೆ ಬರುತ್ತಿದ್ದದ್ದು ಬೇಸಿಗೆಯ ಹೊತ್ತಿಗೆ ಮಧ್ಯಾಹ್ನದ ಊಟಕ್ಕೆ ಬರುತ್ತದೆ. ಹೀಗೆ ಸರಿದು ಸರಿದು ಒಂದು ದಿನ ಸೂರ್ಯನ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಆಗ ಹಂಡೆಗೆ ಸೂರ್ಯನ ಬಡಬಡಿಕೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅಷ್ಟು ದಿನ ಸುಳಿಗೆ ರಜೆ. ಹಂಡೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಏರಿಸುತ್ತೇವೆ. ಸುಳಿಯ ಹೊತ್ತಿನಲ್ಲಿ ಓಣಿಯಲ್ಲಿ ಯಾರೂ ಮಿಕ್ಸರ್ ತಿರುಗಿಸಬಾರದು, ಸ್ಕೂಟರ್ ಚಾಲೂ ಮಾಡಬಾರದು. ಮಾಡಿದರೆ ಹಲಗೆಯ ಮೇಲಿನ ರವೆ ಈ ತುದಿಯಿಂದ ಆ ತುದಿಯವರೆಗೂ ಸುಮ್ಮನೆ ನಡುಗುತ್ತದೆ, ಕೋಡು ಏಳುವುದಿಲ್ಲ. ಅದಕ್ಕೇ ಹಿರಿಯರು ಹೇಳಿಟ್ಟಿದ್ದಾರೆ, ಇಡೀ ಹಲಗೆ ನಡುಗಿದರೆ ಅದು ಸುಳಿಯಲ್ಲ, ಗದ್ದಲ, ಒರೆಸಿ ಹಾಕಿ ಹೊಸ ರವೆ ಹರವು ಎಂದು. ನಾವು ಹಾಗೇ ಒರೆಸುತ್ತಾ ಬಂದಿದ್ದೇವೆ.

ಹೊಸ ಮನೆ ಕಟ್ಟಿದವರಿಗೆ ಇನ್ನೊಂದು ಕಟ್ಟಳೆಯಿದೆ. ಹಲಗೆಯ ಮೇಲೆ ಎರಡು ಕೋಡು ಎದ್ದ ಮೇಲೆಯೇ ಆ ಮನೆಯ ಒಲೆ ಹೊತ್ತಿಸಬೇಕು. ಮನೆಯ ಹೆಣ್ಣುಮಗಳು ಒಂದೊಂದು ಕೋಡಿನಿಂದ ಒಂದೊಂದು ಬೊಗಸೆ ರವೆ ತೆಗೆದು ಉಪ್ಪಿಟ್ಟು ಮಾಡಿ ಓಣಿಗೆಲ್ಲ ಹಂಚಬೇಕು. ಸೂರ್ಯ ಬಂದು ಕೂಡುವುದರೊಳಗೆ ಕೋಡು ಏಳದಿದ್ದರೆ ಆ ಹಂಡೆ ಕಿವುಡು, ಆ ಮನೆ ದನದ ಕೊಟ್ಟಿಗೆ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಊರಿನ ಗೌಡರು ಕಟ್ಟಿಸಿದ ಮಹಡಿಮನೆಯಲ್ಲಿ ಇವತ್ತಿಗೂ ಆಕಳು ಕಟ್ಟುತ್ತಾರೆ. ಗಾರೆ ನೆಲದ ಮೇಲೆ ಅವು ಜಾರುತ್ತವೆ, ಪಾಪ.

ಈಗ ಫಕೀರವ್ವನ ಸುದ್ದಿಗೆ ಬರುತ್ತೇನೆ. ನಮ್ಮ ಓಣಿಯ ಸಾಲುಮನೆಗಳಿಗೆಲ್ಲ ಸೇರಿ ಆ ತುದಿಯಿಂದ ಈ ತುದಿಗೆ ಒಂದೇ ಕಲ್ಲುಕಟ್ಟೆ. ಮೂಡಣ ತುದಿಗೆ ಫಕೀರವ್ವನ ದೊಡ್ಡ ಮನೆ, ಅದರ ಪಕ್ಕ ನನ್ನದು. ಫಕೀರವ್ವ ನನಗಿಂತ ಹಿರಿಯಳು, ಅಕ್ಕ ಎಂದು ಕರೆಯುತ್ತೇನೆ, ಆದರೆ ಜಗಳಕ್ಕೆ ಬಿದ್ದರೆ ಇಬ್ಬರೂ ಒಂದೇ ವಯಸ್ಸಿನವರು. ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎರಡು ಎಮ್ಮೆ ಎಂದು ಅವಳ ಮನೆ ಸಂತೆಯ ಹಾಗೆ ಗಿಜಿಗುಡುತ್ತದೆ. ಅಡುಗೆ ಯಾರು ಬೇಕಾದರೂ ಮಾಡಲಿ, ಉಪ್ಪು ಮಾತ್ರ ಅವಳೇ ಹಾಕಬೇಕು. ಉಪ್ಪಿನ ಭರಣಿ ಅವಳು ಕೂರುವ ಮಣೆಯ ಪಕ್ಕದಲ್ಲೇ ಇರುತ್ತದೆ. ಸೊಸೆಯಂದಿರು ಕುದಿಯುವ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ಅವಳ ಮುಂದೆ ನಿಲ್ಲಬೇಕು. ಅವಳು ಮೂಸಿ ನೋಡಿ, ಬೆರಳಲ್ಲಿ ಉಪ್ಪಿನ ಹರಳು ಎತ್ತಿ ಹಾಕಬೇಕು. ಕೈ ಮಾತ್ರ ದೇವರು ಕೊಟ್ಟದ್ದು, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಬೇರೆಯವರ ಮನೆಗೆ ಊಟಕ್ಕೆ ಹೋದರೆ ಮೊದಲ ತುತ್ತಿಗೇ "ಉಪ್ಪ ಹಾಕೂದು ಯಾವಾಗ ಕಲೀತೀರಿ?" ಎಂದು ಎಲ್ಲರೆದುರು ಕೇಳುವ ಹೆಂಗಸು. ನನ್ನ ಮಗಳ ಮದುವೆಯಲ್ಲೂ ಕೇಳಿದ್ದಾಳೆ.

ಅವಳ ಕಿರಿಯ ಸೊಸೆ ಇಂದುಮತಿ. ನಗುಮುಖದ ಹುಡುಗಿ, ಕೆಲಸದಲ್ಲಿ ಬಿರುಸು, ಮಾತಿಗೆ ಮಾತು ಕೊಡುತ್ತಾಳೆ, ಆದರೆ ನಕ್ಕುಕೊಂಡೇ ಕೊಡುತ್ತಾಳೆ. ಒಂದು ದಿನ ಗೋಡೆಯ ಮೇಲಿಂದ ನನ್ನ ಹಿತ್ತಲಿಗೆ ಬಗ್ಗಿ, "ಚಿಗವ್ವಾ, ನಿಮ್ಮ ಮಗ್ಗಲ ಖಾಲಿ ಬಿದ್ದ ಜಾಗದಾಗ ನಾವು ಸಣ್ಣದೊಂದು ಮನಿ ಕಟ್ಟೂಣು ಅಂತೀವಿ" ಎಂದಳು. "ಅತ್ತಿ ಏನರ ಅಂದಳೇನು?" ಎಂದೆ. "ಏನೂ ಅಂದಿಲ್ರಿ. ಅವರು ಛಲೋನ ಅದಾರ. ಆದ್ರ ನಾ ಈ ಮನಿಗೆ ಬಂದಾಗಿಂದ ಒಂದ ಸಲಾನೂ ಅಡಗಿಗೆ ಉಪ್ಪ ಹಾಕಿಲ್ಲ. ನನ್ನ ಕೈರುಚಿ ಹೆಂಗೈತಿ ಅಂತ ನನಗ ಗೊತ್ತಿಲ್ಲ. ರೊಟ್ಟಿ ಸೀದ್ರ ಸೀಯಲಿ, ನಾನ ತಿಂತೀನಿ. ಒಲಿ ನಂದಿರ್ಲಿ" ಎಂದಳು. ಹೀಗೆ ಹೇಳುವಾಗಲೂ ನಗುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಆಗಲೇ ನನಗೆ ತಿಳಿಯಿತು, ಇವಳಿಗೆ ಇದು ಆಟವಲ್ಲ ಎಂದು.

ಗಂಡ ಮಹಾರುದ್ರ ಹೆಂಡತಿಯ ಮಾತಿಗೂ ಹ್ಞೂಂ ಅನ್ನುತ್ತಾನೆ, ತಾಯಿಯ ಮಾತಿಗೂ ಹ್ಞೂಂ ಅನ್ನುತ್ತಾನೆ. ಅಂಥವನ ಕೈಯಲ್ಲೇ ಅವಳು ಮನೆ ಕಟ್ಟಿಸಿದಳೆಂದರೆ ನೀವೇ ಯೋಚಿಸಿ. ಫಕೀರವ್ವ ಅಡ್ಡ ಬರಲಿಲ್ಲ, ಅತ್ತು ಕರೆದು ರಂಪ ಮಾಡಲೂ ಇಲ್ಲ. ದಿನಾ ಹೋಗಿ ಗೋಡೆ ಎಷ್ಟು ಎದ್ದಿದೆ ಎಂದು ನೋಡಿಕೊಂಡು ಬರುತ್ತಿದ್ದಳು, ಬಂದು ನನ್ನ ಕಟ್ಟೆಯ ಮೇಲೆ ಕೂತು, "ಒಲಿ ಒಡದ್ರ ಮನಿ ಒಡದಂಗ, ಸಿದ್ದಿ" ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದಳು. ಒಂದು ಸಂಜೆ ಇಂದುಮತಿ ಅದನ್ನು ಕೇಳಿಸಿಕೊಂಡು, "ಅತ್ತೀ, ಗುಂಪಿನಾಗಿರೋ ಸುಳಿ ಒಂದಕ್ಕೊಂದು ತಿಕ್ಕಾಡಿ ಜಲ್ದಿ ಹಿಟ್ಟ ಕಳಕೊಳ್ಳತಾವಂತ್ರಿ. ದೂರ ನಿಂತಾವು ಬಾಳ ದಿನ ರೊಟ್ಟಿ ಬಡೀತಾವಂತ" ಎಂದಳು. ಫಕೀರವ್ವ ತಕ್ಷಣ, "ಸುಳಿಗೆ ಅತ್ತಿ ಇರೂದಿಲ್ಲವ, ಅದಕ್ಕ ಹಂಗ ಆಗತೈತಿ" ಎಂದಳು. ನಾವು ಮೂವರೂ ನಕ್ಕೆವು. ಆದರೆ ನಕ್ಕ ಮೇಲೆ ಫಕೀರವ್ವ ಎದ್ದು ಹೋಗುವಾಗ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನಡೆದಳು. ಅವಳಿಗೆ ಮೊಣಕಾಲು ನೋವೇನೂ ಇರಲಿಲ್ಲ.

ಮನೆ ಮುಗಿಯಿತು. ಇಂದುಮತಿ ಮೊಟ್ಟಮೊದಲು ಕೊಂಡದ್ದು ಒಂದು ಉಪ್ಪಿನ ಭರಣಿ. ಅದನ್ನು ಒಲೆಯ ಮೇಲಿನ ಗೂಡಿನಲ್ಲಿ ದೇವರನ್ನು ಕೂರಿಸಿದ ಹಾಗೆ ಕೂರಿಸಿದಳು. ಮಾಳಿಗೆಗೆ ಹೊಸ ಹಂಡೆ ಏರಿತು, ಪಡಸಾಲೆಗೆ ಹೊಸ ಹಲಗೆ ಬಂತು. ಕೋಡು ನೋಡಲು ರಾಚಪ್ಪನವರನ್ನು ಕರೆಸಿದರು. ರಾಚಪ್ಪನವರು ನಮ್ಮ ಓಣಿಯ ಪಡುವಣ ತುದಿಯ ಮನೆಯವರು, ಊರಿಗೆಲ್ಲ ಹಲಗೆ ನೋಡುವವರು. ಅವರು ಹೇಳಿದರೆ ಕೋಡು, ಹೇಳದಿದ್ದರೆ ಬರೀ ರವೆ. ಬಂದವರು ಮೊದಲು ಅವಲಕ್ಕಿ ತಿಂದರು, ಆಮೇಲೆ ಚಹಾ ಕುಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ಹಲಗೆಯ ಮುಂದೆ ಕೂತರು. ಸಂಜೆಯ ಹೊತ್ತಿಗೆ ರವೆ ಅಲುಗಿತು. ಇಂದುಮತಿ ನನ್ನ ತೋಳು ಹಿಡಿದುಕೊಂಡಳು. ಆದರೆ ಕೋಡು ಏಳಲಿಲ್ಲ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಇದ್ದ ರವೆಯೆಲ್ಲ ಸಣ್ಣಗೆ ನಡುಗಿತು, ಒಂದಿಷ್ಟು ಹೊತ್ತು ನಡುಗಿ ಸುಮ್ಮನಾಯಿತು. ರಾಚಪ್ಪನವರು ಕನ್ನಡಕ ತೆಗೆದು, "ಗದ್ದಲ. ಯಾರೋ ಮಿಕ್ಸರ್ ಹಚ್ಚ್ಯಾರ. ಒರಸ್ರಿ" ಎಂದರು.

ಆಮೇಲೆ ಶುರುವಾಯಿತು ನೋಡಿ ಮಿಕ್ಸರಿನ ಬೇಟೆ. ಮರುದಿನ ಆ ಹೊತ್ತಿಗೆ ಮಹಾರುದ್ರ ಓಣಿಯ ಎಲ್ಲ ಮನೆಗಳಿಗೂ ಹೋಗಿ, "ಸಿಟ್ಟಾಗಬ್ಯಾಡ್ರಿ, ನಿಮ್ಮ ಮಿಕ್ಸರ್ ಸ್ವಲ್ಪ ನೋಡ್ತೀನಿ" ಎಂದು ಮುಟ್ಟಿ ಬಿಸಿ ಇದೆಯೇ ಎಂದು ನೋಡಿ ಬಂದ. ಹೊಸ ಮನೆಯ ಆಚೆ ಬದಿಯ ಗಾದಿ ಹೊಲಿಯುವ ಖಾಸೀಮಸಾಬರು ತಮ್ಮ ಹೊಲಿಗೆ ಮಷಿನ್ನಿನ ಮೋಟಾರನ್ನೇ ಬಿಚ್ಚಿ ಅವನ ಕೈಗೆ ಕೊಟ್ಟರು. "ನಿಮ್ಮ ಒಲಿ ಹತ್ತೂ ತನಕ ನಾ ಕಾಲಿಲೇನ ತುಳೀತೀನಿ, ಹೋಗ್ರಿ" ಎಂದರು. ಅವರ ಹೆಂಡತಿ ಮೆಹಬೂಬಿ ಚಟ್ನಿಯನ್ನು ಒರಳಿನಲ್ಲಿ ರುಬ್ಬತೊಡಗಿದಳು. ನನ್ನ ಮೇಲೂ ಗುಮಾನಿ ಬಂತು. ನನ್ನ ಮಿಕ್ಸರ್ ಕೆಟ್ಟು ಕೂತು ಎಷ್ಟೋ ದಿನವಾಗಿದ್ದರೂ ಫಕೀರವ್ವ, "ಕೆಟ್ಟಂಗ ನಾಟಕ ಮಾಡಾಕತ್ತಾಳ" ಎಂದು ಸುದ್ದಿ ಹಬ್ಬಿಸಿದಳು. ಎಲ್ಲ ಬಂದ್ ಮಾಡಿದರೂ ರವೆ ನಡುಗಿತು. ರಾಚಪ್ಪನವರು ಬಂದು ಅವಲಕ್ಕಿ ತಿಂದು, "ಗದ್ದಲ, ಒರಸ್ರಿ" ಎಂದು ಹೋದರು.

ಹೀಗೇ ದಿನ ಕಳೆದವು. ಫಕೀರವ್ವ ಈಗ ಹುರುಪಿನಲ್ಲಿದ್ದಳು. ಹೊಸ ಮನೆಯ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ, "ಗ್ವಾದಲಿ ಇಲ್ಲಿ ಮಾಡ್ಸಿದ್ರ ಛಲೋ. ನನ್ನ ಎಮ್ಮಿಗೆ ಗಾಳಿ ಬೆಳಕು ಬರತೈತಿ" ಎನ್ನುತ್ತಿದ್ದಳು. ಆದರೆ ಅದೇ ಫಕೀರವ್ವ ಸೊಸೆ ಊಟಕ್ಕೆ ಕೂತಾಗ ಅವಳ ರೊಟ್ಟಿಗೆ ಎರಡು ಚಮಚ ಬೆಣ್ಣೆ ಹೆಚ್ಚಿಗೆ ಹಾಕುತ್ತಿದ್ದಳಂತೆ. ಮಿಕ್ಕ ಸೊಸೆಯಂದಿರೇ ಬಂದು ನನಗೆ ಚಾಡಿ ಹೇಳಿದ್ದಾರೆ.

ಒಂದು ದಿನ ಇಂದುಮತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಚಿಗವ್ವಾ, ಒಂದ ಮಾತ. ಆ ಗದ್ದಲ ದಿನಾ ಒಂದಿಷ್ಟು ಮೊದಲ ಬರಾಕತ್ತೈತಿ. ಮೊದಲ ಮೆಹಬೂಬಕ್ಕನ ಕೋಳಿ ಗೂಡಿಗೆ ಬರೂ ಹೊತ್ತಿಗೆ ನಡಗತಿತ್ತು, ಈಗ ಸಾಲಿ ಹುಡುಗರು ಉಣ್ಣಾಕ ಬರೂ ಹೊತ್ತಿಗೆ ನಡಗತೈತಿ. ಯಾರ ಮಿಕ್ಸರ್ ರೀ ಹಂಗ ಹಿಂದ ಸರೀತೈತಿ?" ಎಂದಳು. ಹುಡುಗಿ ಹೇಳುವುದು ಖರೆ. ಹಾಗೆ ಸರಿಯುವುದು ಸುಳಿಯೇ ಹೊರತು ಮಿಕ್ಸರ್ ಅಲ್ಲ. ಇಬ್ಬರೂ ಕೂಡಿ ರಾಚಪ್ಪನವರ ಮನೆಗೆ ಹೋದೆವು. ಅವರು ಪೂರ್ತಿ ಕೇಳಿ, ತಲೆ ಕೆರೆದುಕೊಂಡು, "ತಂಗೀ, ನೀ ಹೇಳೂದು ಖರೆ ಇರಬಹುದು. ಆದ್ರ ಕೋಡೆಲ್ಲಿ? ಕೋಡಿಲ್ಲದ ಎಮ್ಮಿಗೆ ಎಮ್ಮಿ ಅನ್ನಬಹುದು, ಕೋಡಿಲ್ಲದ ಸುಳಿಗೆ ಸುಳಿ ಅನ್ನಾಕ ಬರೂದಿಲ್ಲ. ನಾಳೆ ಊರಾಗ ನನ್ನ ಮಾತಿಗೆ ಏನ ಕಿಮ್ಮತ್ತು?" ಎಂದರು. ಅದೂ ಸರಿಯೇ. ಇಂದುಮತಿ ಎದ್ದು ಬಂದಳು. ದಾರಿಯಲ್ಲಿ ಮೊದಲ ಸಲ ಅವಳು ಅತ್ತದ್ದನ್ನು ನೋಡಿದೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆಕಾಶದ ಕಡೆ ನೋಡಿ ಬೈದೆ. ಇಷ್ಟು ದೂರದಿಂದ ಬರುತ್ತೀಯಂತೆ, ಎರಡು ಕೋಡು ತರಲಿಕ್ಕೆ ನಿನಗೇನು ಧಾಡಿ!

ದಿನ ಕಳೆದ ಹಾಗೆ ರವೆ ನಡುಗುವ ಹೊತ್ತು ಸರಿದು ನಡುಮಧ್ಯಾಹ್ನಕ್ಕೆ ಬಂತು. ನಾಳೆಯಿಂದ ಸೂರ್ಯನ ಬಡಬಡಿಕೆ ಶುರು ಎಂದು ರಾಚಪ್ಪನವರು ಹೇಳಿದರು. ಕಿವುಡು ಹಂಡೆಯನ್ನು ಇಳಿಸುವುದಕ್ಕೂ ಒಂದು ಪದ್ಧತಿಯಿದೆ. ಮನೆಯ ಹೆಣ್ಣುಮಗಳೇ ಹಲಗೆಯಿಂದ ತಂತಿ ಬಿಚ್ಚಿ, ಅದನ್ನು ಬಾಗಿಲಿನಿಂದ ಹೊರಗೆ ತಂದು ಕಟ್ಟೆಯ ಕಲ್ಲಿಗೆ ಮುಟ್ಟಿಸಬೇಕು. ಆಮೇಲೆ ಗಂಡಸರು ಮಾಳಿಗೆ ಹತ್ತಿ ಹಂಡೆ ಇಳಿಸುತ್ತಾರೆ. ಆ ದಿನ ಮಹಾರುದ್ರ ಏಣಿಯ ಹತ್ತಿರ ಹೋಗಿ ನಿಂತಿದ್ದ, ಮುಖ ಹುಳ್ಳಗೆ ಮಾಡಿಕೊಂಡು.

ಬೇಸಿಗೆಯ ಕೊನೆ. ಮಳೆಗಾಲಕ್ಕೆ ಮೊದಲು ರವೆಗೆ ಹುಳ ಹಿಡಿಯಬಾರದೆಂದು ಓಣಿಯ ಹೆಂಗಸರೆಲ್ಲ ವರ್ಷದ ರವೆಯನ್ನು ಬಿಸಿಲಿಗೆ ಹಾಕುವ ದಿನಗಳು ಅವು. ಫಕೀರವ್ವನ ಬಾಗಿಲಿನಿಂದ ಹಿಡಿದು ರಾಚಪ್ಪನವರ ಬಾಗಿಲಿನ ತನಕ ಇಡೀ ಕಟ್ಟೆಯ ಮೇಲೆ ಬೆಳ್ಳಗೆ ರವೆ ಹರವಿತ್ತು. ನಾನು ಕೋಲು ಹಿಡಿದು ಕೋಳಿ ಕಾಯುತ್ತಾ ನನ್ನ ಬಾಗಿಲಲ್ಲಿ ಕೂತಿದ್ದೆ. ಇಂದುಮತಿ ತಂತಿಯ ತುದಿ ಹಿಡಿದುಕೊಂಡು ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಬಗ್ಗಿ ತಂತಿಯನ್ನು ಕಲ್ಲಿನ ಮೇಲೆ ಇಟ್ಟು, ಅಂಗೈಯಿಂದ ಒತ್ತಿ ಹಿಡಿದಳು.

ನನ್ನ ರವೆ ನಡುಗತೊಡಗಿತು. ರೂಢಿಯ ಬಾಯಿ ನೋಡಿ, ನಾನು ಕೂತಲ್ಲಿಂದಲೇ, "ಮೆಹಬೂಬೀ, ಮಿಕ್ಸರ್ ಬಂದ್ ಮಾಡ!" ಎಂದು ಕೂಗಿದೆ. ಮೆಹಬೂಬಿ ತನ್ನ ಬಾಗಿಲಿಂದ, "ಅಯ್ಯ, ನಾ ಇಲ್ಲೇ ನಿಂತೀನಲ್ಲ ಅಕ್ಕಾ. ನನ್ನ ರವಾನೂ ನಡಗಾಕತ್ತೈತಿ" ಎಂದಳು. ಅಷ್ಟರಲ್ಲಿ ನನ್ನ ಎಡಗಡೆಯಿಂದ ಫಕೀರವ್ವನ ದನಿ ಬಂತು, "ಯಾಕಿ ಅದು ನನ್ನ ರವಾ ಗುಡ್ಡಿ ಹಾಕಿದಾಕಿ? ಹರವಿ ಒಳಗ ಹೋಗಿ ಬರೂದರಾಗ ಹುತ್ತ ಎದ್ದಂಗ ಎದ್ದೈತಲ್ಲ!" ಅವಳ ದನಿ ಮುಗಿಯುವ ಮೊದಲೇ ಪಡುವಣ ತುದಿಯಿಂದ ರಾಚಪ್ಪನವರ ಹೆಂಡತಿ, "ನಮ್ಮ ರವಾ ಗುಡ್ಡಿ ಹಾಕಿದವರು ಯಾರು?" ಎಂದು ಕೂಗಿದರು. ನಾನು ಆ ಕಡೆ ನೋಡಿದೆ, ಈ ಕಡೆ ನೋಡಿದೆ, ಮತ್ತೆ ಆ ಕಡೆ ನೋಡಿದೆ. ಕುತ್ತಿಗೆ ಹಿಡಿದುಕೊಳ್ಳುವುದೊಂದು ಬಾಕಿ. ಮೂಡಣ ತುದಿಗೆ ಮೊಣಕಾಲೆತ್ತರದ ಒಂದು ರವೆಯ ಕೋಡು. ಪಡುವಣ ತುದಿಗೆ ಅಷ್ಟೇ ಎತ್ತರದ ಇನ್ನೊಂದು. ನಡುವೆ ನಮ್ಮೆಲ್ಲರ ರವೆ ಸಣ್ಣಗೆ ನಡುಗುತ್ತಿತ್ತು.

ಇಂದುಮತಿ ತಂತಿ ಎತ್ತಿದಳು. ಎರಡೂ ಗುಡ್ಡೆ ಸರ್ರನೆ ಕುಸಿದವು. ಮತ್ತೆ ತಂತಿ ಮುಟ್ಟಿಸಿದಳು. ಎರಡೂ ಎದ್ದು ನಿಂತವು. ಒಂದು ಕೈ ಕಲ್ಲಿನ ಮೇಲೆ, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು ಹಾಗೇ ಕೂತುಬಿಟ್ಟಳು.

ರಾಚಪ್ಪನವರು ಊಟದ ಕೈಯಲ್ಲೇ ಹೊರಗೆ ಬಂದರು. ಕಟ್ಟೆಯ ಗುಂಟ ಆ ತುದಿಯಿಂದ ಈ ತುದಿಗೆ ನಡೆದರು, ಮತ್ತೆ ವಾಪಸು ನಡೆದರು. ಆಮೇಲೆ ಓಣಿಯ ನಡುವೆ ನಿಂತು ಸಣ್ಣ ಹುಡುಗನ ಹಾಗೆ ಕುಣಿಯುವುದೊಂದೇ ಬಾಕಿ. "ಯಪ್ಪಾ, ಯಪ್ಪಾ! ಇಷ್ಟಗಲದ ಸುಳಿ ನಮ್ಮಪ್ಪ ನೋಡಿಲ್ಲ, ನಮ್ಮಜ್ಜ ನೋಡಿಲ್ಲ. ನಮ್ಮ ಹಲಗಿ ಇಷ್ಟ ದಿನ ಇದರ ಹೊಟ್ಟಿ ಅಷ್ಟ ನೋಡಿತ್ತು, ಕೋಡು ಹೊರಗ ಉಳದಿದ್ವು. ನಾ ಹೊಟ್ಟೀನ ಒರಸ್ರಿ ಒರಸ್ರಿ ಅಂತಿದ್ದೆ!" ಎಂದರು. ಅಷ್ಟು ಅಗಲ ಕೋಡು ಬಿತ್ತೆಂದರೆ ಆ ಸುಳಿ ಬಲು ಜೋರಾಗಿ ತಿರುಗುತ್ತಿದೆ, ಬಲು ಭಾರ ಇದೆ ಎಂದರು. ಅಷ್ಟು ಎತ್ತರ ಎದ್ದಿತೆಂದರೆ ಹಿಟ್ಟು ರಾಶಿ ರಾಶಿ ಇದೆ ಎಂದರು. ಕಣ್ಣಿಗೆ ಕಾಣುವ ಬೆಳಕು ಆ ಜಾಗದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯಂತೆ. "ಇಷ್ಟು ಹಿಟ್ಟ ಇಟ್ಟಕೊಂಡು ರೊಟ್ಟಿ ಬಡಿಯೂದು ಇನ್ನೂ ಸರಿಯಾಗಿ ಶುರುನ ಮಾಡಿಲ್ಲ ಇದು. ತಂಗೀ, ನಿನ್ನ ಸುಳಿದು ಇನ್ನ ಮುಂದೈತಿ ಎಲ್ಲಾ" ಎಂದು ಇಂದುಮತಿಗೆ ಕೈ ಮುಗಿದರು. ಆ ಮನುಷ್ಯ ತನ್ನ ತಪ್ಪಿಗೆ ಅಷ್ಟು ಖುಷಿಪಟ್ಟದ್ದನ್ನು ನೋಡಿ ನನಗೆ ಅವರು ಇಷ್ಟು ದಿನ ತಿಂದ ಅವಲಕ್ಕಿ ಸಾರ್ಥಕವಾಯಿತು ಅನ್ನಿಸಿತು.

ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಒಂದೊಂದು ಕೋಡಿನಿಂದ ಒಂದೊಂದು ಬೊಗಸೆ ರವೆ ಬೇಕಲ್ಲ. ಎಲ್ಲರ ಮನೆಯಲ್ಲೂ ಕೋಡು ಅವರವರ ಹಲಗೆಯ ಮೇಲೆ ಏಳುತ್ತದೆ, ಯಾರನ್ನೂ ಕೇಳುವ ಪ್ರಸಂಗವಿಲ್ಲ. ಇವಳ ಕೋಡುಗಳು ಎದ್ದದ್ದು ಬೇರೆಯವರ ಬಾಗಿಲಲ್ಲಿ, ಬೇರೆಯವರ ರವೆಯಲ್ಲಿ. ತಂತಿಯನ್ನು ಹಾಗೇ ಕಲ್ಲಿಗೆ ಒತ್ತಿ ಹಿಡಿಯಲು ಮಹಾರುದ್ರನಿಗೆ ಹೇಳಿ ಇಂದುಮತಿ ಎದ್ದಳು. ರಾಚಪ್ಪನವರ ಹೆಂಡತಿ ಅವಳು ಬರುವ ಮೊದಲೇ ಬೊಗಸೆ ತುಂಬಿ ಹಿಡಿದುಕೊಂಡು ನಿಂತಿದ್ದರು. ಅದನ್ನು ಉಡಿಯಲ್ಲಿ ಹಾಕಿಸಿಕೊಂಡು ಅವಳು ಓಣಿಗುಂಟ ಮೂಡಣಕ್ಕೆ ನಡೆದು ಬಂದಳು. ಫಕೀರವ್ವ ಕಸಬರಿಗೆ ಹಿಡಿದು ತನ್ನ ಬಾಗಿಲಲ್ಲಿ ಕೋಡಿನ ಪಕ್ಕದಲ್ಲೇ ನಿಂತಿದ್ದಳು. ಒಂದು ಸಲ ಕಸಬರಿಗೆ ಆಡಿಸಿದರೆ ಸಾಕು, ಕೋಡು ಹೋಯಿತು, ಹೊತ್ತೂ ಹೋಯಿತು, ನಾಳೆಯಿಂದ ಸೂರ್ಯ.

"ಅತ್ತೀ, ಒಂದ ಬೊಗಸಿ ರವಾ ಕೊಡ್ರಿ" ಎಂದಳು ಇಂದುಮತಿ.

"ಕಟ್ಟಿ ನಂದು, ರವಾ ನಂದು. ನಿನ್ನ ಕೋಡು ಇಲ್ಲಿ ಯಾಕ ಬಂತು?"

"ನಾ ಕರೀಲಿಲ್ರಿ. ತಾನ ಬಂತು."

ಫಕೀರವ್ವ ಕೋಡನ್ನು ನೋಡಿದಳು. ತಲೆಯೆತ್ತಿ ಹೊಸ ಮನೆಯ ಬಾಗಿಲನ್ನು ನೋಡಿದಳು. ಎರಡರ ನಡುವಿನ ದೂರವನ್ನು ಕಣ್ಣಲ್ಲೇ ಅಳೆದ ಹಾಗೆ ಕಂಡಿತು. "ಬ್ಯಾರೆ ಹೊಕ್ಕೀನಿ, ಬ್ಯಾರೆ ಹೊಕ್ಕೀನಿ ಅಂತ ಕುಣದಾಕಿ. ನಿನ್ನ ಸುಳಿ ನೋಡಿದ್ರ ನನ್ನ ಬಾಗಲದಾಗ ಕಾಲ ಚಾಚಿ ಕುಂತೈತಿ" ಎಂದಳು. ಕಸಬರಿಗೆ ಕೆಳಗಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎರಡೂ ಕೈ ಕೂಡಿಸಿ ಕೋಡಿನಿಂದ ರವೆ ತೆಗೆದು ಸೊಸೆಯ ಉಡಿಗೆ ಹಾಕಿದಳು. ಒಂದು ಬೊಗಸೆ ಸಾಕಾಗಿತ್ತು. ಅವಳು ಹಾಕುತ್ತಲೇ ಇದ್ದಳು. ಸೊಸೆ ಸಾಕು ಅನ್ನಲಿಲ್ಲ, ಉಡಿಯನ್ನು ಇನ್ನಷ್ಟು ಅಗಲ ಹಿಡಿದಳು. ನನಗೂ ಅಳು ಬಂತು, ಯಾಕೆ ಸುಳ್ಳು ಹೇಳಲಿ. ಮೆಹಬೂಬಿಯಂತೂ ಬಿಕ್ಕುತ್ತಿದ್ದಳು. ಕೋಳಿಗಳು ಅದೇ ಸಮಯ ನೋಡಿ ನನ್ನ ರವೆಗೆ ಬಾಯಿ ಹಾಕಿದವು.

ಹೊಸ ಒಲೆ ಹೊತ್ತಿತು. ಹೊಗೆ ಮಾಡಿನ ಕಿಂಡಿಯಿಂದ ಹೊರಗೆ ಬಂದದ್ದನ್ನು ನೋಡಿ ಮಕ್ಕಳು ಹೋ ಎಂದು ಕೂಗಿದರು. ಖಾಸೀಮಸಾಬರು ತಮ್ಮ ಮಷಿನ್ನಿಗೆ ಮೋಟಾರು ಜೋಡಿಸಿಕೊಂಡರು. ಒಗ್ಗರಣೆಯ ವಾಸನೆ ಓಣಿಯೆಲ್ಲ ಹಬ್ಬಿತು. ನಾವೆಲ್ಲ ಹೊಸ ಮನೆಯ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಮೊದಲ ತಟ್ಟೆ ಫಕೀರವ್ವನಿಗೆ, ಎರಡನೆಯದು ರಾಚಪ್ಪನವರಿಗೆ, ಆಮೇಲೆ ನನಗೆ. ಇಂದುಮತಿ ಸೌಟು ಹಿಡಿದು ಬಾಗಿಲಲ್ಲಿ ನಿಂತು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಬೆವರಿನಿಂದ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಅಷ್ಟು ಚೆಂದ ಅವಳು ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ನಾನು ಮೊದಲ ತುತ್ತು ಬಾಯಿಗೆ ಹಾಕಿಕೊಂಡೆ. ಉಪ್ಪೇ ಇಲ್ಲ! ಕಡಿಮೆ ಅಲ್ಲ, ಇಲ್ಲವೇ ಇಲ್ಲ. ಪಾಪ, ಅದು ಹೇಗಾಗಿದೆ ಎಂದು ನನಗೆ ತಕ್ಷಣ ಹೊಳೆಯಿತು. ಈ ಊರಿಗೆ ಬಂದಾಗಿನಿಂದ ಅವಳು ಪಾತ್ರೆ ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದವಳು. ಇವತ್ತು ಹಿಡಿಯಲಿಕ್ಕೆ ಮುಂದೆ ಯಾರೂ ಇರಲಿಲ್ಲ, ಉಪ್ಪು ಹಾಕುವ ರೂಢಿ ಕೈಗಿರಲಿಲ್ಲ. ಹೊಸ ಭರಣಿ ಗೂಡಿನಲ್ಲಿ ಮುಚ್ಚಳ ಕೂಡ ತೆರೆಯದೆ ಕೂತಿತ್ತು. ನಾನು ಮೆಲ್ಲಗೆ ಫಕೀರವ್ವನ ಕಡೆ ನೋಡಿದೆ. ರಾಚಪ್ಪನವರೂ ನೋಡಿದರು, ಮೆಹಬೂಬಿಯೂ ನೋಡಿದಳು. ಊರಿಗೆಲ್ಲ ಉಪ್ಪಿನ ಪಾಠ ಹೇಳುವ ಬಾಯಿ ಅದು. ಫಕೀರವ್ವ ಒಂದು ತುತ್ತು ತಿಂದಳು. ನಿಧಾನವಾಗಿ ಅಗಿದಳು. ಇನ್ನೊಂದು ತುತ್ತು ತಿಂದಳು. ತಟ್ಟೆ ಖಾಲಿ ಮಾಡಿ, ಬೆರಳು ಚೀಪಿ, ತಟ್ಟೆಯನ್ನು ಮುಂದೆ ಚಾಚಿ, "ಇನ್ನೊಂದ ಸೌಟು ಹಾಕವ" ಎಂದಳು. ಇಂದುಮತಿಯ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು. ಆಮೇಲೆ ನಮಗ್ಯಾರಿಗೆ ಬಾಯಿ ಬರುತ್ತದೆ? ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು.

ನಾನೂ ಫಕೀರವ್ವನೂ ಕಟ್ಟೆಗುಂಟ ಮನೆಗೆ ಹೊರಟೆವು. ನನ್ನ ಬಾಗಿಲು ಮುಟ್ಟುವ ಹೊತ್ತಿಗೆ ಹಿಂದಿನಿಂದ, "ಅಯ್ಯ ನಮ್ಮವ್ವಾ, ಉಪ್ಪ!" ಎಂದು ಇಂದುಮತಿ ಚೀರಿದ್ದು ಕೇಳಿಸಿತು, ಅದರ ಹಿಂದೆಯೇ ಮಹಾರುದ್ರನ ನಗು, ಅದರ ಹಿಂದೆ ಅವಳ ನಗು. ಕೊನೆಗೆ ಊಟಕ್ಕೆ ಕೂತಿದ್ದರೆಂದು ಕಾಣುತ್ತದೆ.

"ಅಕ್ಕಾ, ನಿನಗ ಗೊತ್ತಾಗಲಿಲ್ಲೇನು?" ಎಂದೆ.

"ನನಗ ಗೊತ್ತಾಗಲಾರದಂಥಾ ಉಪ್ಪ ಯಾವದೈತಿ? ಮೊದಲನೇ ತುತ್ತಿಗೇನ ಗೊತ್ತಾತು."

"ಮತ್ತ ಹೇಳಬೇಕಿಲ್ಲೇನು?"

ಫಕೀರವ್ವ ತನ್ನ ಬಾಗಿಲಲ್ಲಿ ಕೋಡು ಇಳಿದು ಉಳಿದಿದ್ದ ರವೆಯ ಹತ್ತಿರ ಬಂದ ಕೋಳಿಯನ್ನು ಹುಶ್ ಎಂದು ಓಡಿಸಿ, ಅದರ ಪಕ್ಕದಲ್ಲಿ ಕಾಲು ಚಾಚಿ ಕೂತುಕೊಂಡಳು. "ನಾ ಯಾಕ ಹೇಳ್ಲಿ, ಸಿದ್ದಿ?" ಎಂದಳು. "ಒಲಿ ಆಕೀದು."